ಕಂಪ್ಯೂಟರ್ ಹೆತ್ತ ಹುಡುಗ

ಐನೂರು ತಂಡಗಳು. ದೇಶದ ಕೋಚ್ ಚುನಾವಣೆಗೆ
ಬಿದ್ದ ಮತ ಒಂಬತ್ತು. ಅದರಲ್ಲೊಂದು ನನ್ನದೇ.
ಹೀಗೆ ಗೆದ್ದೆ ನಾನು, ಯಶವಂತಪುರ ಡಿಪೋದ
ರಾತ್ರಿಪಾಳಿ ಗುಮಾಸ್ತ.

ಎಲ್ಲರಿಗೂ ತಂತಮ್ಮ ಲೀಗು, ತಂತಮ್ಮ ಕಪ್ಪು, ತಂತಮ್ಮ ಕಾಸು.
ದೇಶದ ಪಂದ್ಯವಿದ್ದ ರಾತ್ರಿ
ನೋಡುವವನು ನಾನೊಬ್ಬ,
ಕಿಟಕಿಯಾಚೆ ಮೈ ತೊಳೆಸಿಕೊಳ್ಳುವ ಬಸ್ಸೊಂದು.

ಬಾವುಟ ಹಾಕಿದೆ, ದಪ್ಪಕ್ಷರ ಹಾಕಿದೆ.
ಬೇಡಿಯೂ ನೋಡಿದೆ: ‘ನಿಮ್ಮ ಆಫ್ ಸ್ಪಿನ್ನರ್‌ಗೆ
ಒಂದು ವಾರ ಫೀಲ್ಡಿಂಗ್ ಕಲಿಸಿ, ದೇಶಕ್ಕೆ ಬೇಕು.’
‘ದೇಶ ಅವನ ಸಂಬಳ ಕೊಡುತ್ತಾ?’ ಅಂದರು ಹುಳಿಮಾವಿನ ಮೇಡಂ.
ನ್ಯಾಯವೇ.

ಆಮೇಲೊಂದು ರಾತ್ರಿ, ಟೀ ಆರುತ್ತಿದ್ದಾಗ,
ತಂಡದ ಪಟ್ಟಿಯ ಕೆಳಗೆ ಸುಳ್ಳೊಂದು ಬರೆದೆ.
ಮೇಡಂ ಅವರ ಅದೇ ಸ್ಪಿನ್ನರ್, ತೇಜಪಾಲ ಡಿಕಾಸ್ಟ,
ಎಲ್ಲೆಲ್ಲಿಯದೋ ಹೆಸರು ಹೊಲಿದು ಕಂಪ್ಯೂಟರ್ ಹೆತ್ತ ಹುಡುಗ:
ಇವನು ಮಾಗಡಿ ರಸ್ತೆ ಏಳನೇ ಕ್ರಾಸಿನವನು.
ಸೀಮೆಸುಣ್ಣದಲ್ಲಿ ಮೂರು ಗೀಟೆಳೆದ ಗೋಡೆಗೆ ಎಸೆದೆಸೆದು ಕಲಿತ.
ತಾಯಿ ಸಂಪಿಗೆ ಮಾರುತ್ತಾಳೆ;
ಚೆಂಡಿಗೂ ಅದೇ ವಾಸನೆ.

ಮುಂದಿನ ಪಂದ್ಯಕ್ಕೆ ನಲವತ್ತು ಜನ.
ಅದರ ಮುಂದಿನದಕ್ಕೆ ಲೆಕ್ಕ ಬಿಟ್ಟೆ.
ಮೇಡಂ, ಕೇಳದೆಯೇ, ಫೀಲ್ಡಿಂಗ್ ಶುರುಮಾಡಿದ್ದರು.

ಕೊನೇ ಓವರ್‌ನಲ್ಲಿ ಕ್ಯಾಚ್ ಬಿಟ್ಟವನು ಅವನೇ.
ಸೋತೆವು. ಪರದೆಯ ಮೇಲೆ ಒಂದು ಸಾಲು ಬಂತು, ಅಷ್ಟೇ.
ಯಾರೂ ಬಯ್ಯಲಿಲ್ಲ.

ಬೆಳಗಿನ ಮೊದಲ ಬಸ್ಸು ಗೇಟು ದಾಟುವಾಗ
ಮೇಡಂ ಕಳಿಸಿದ್ದು ನೋಡಿದೆ:
‘ಅವನಮ್ಮ ಊಟ ಮಾಡಿದರಾ?’

ಇನ್ನೂ ಉತ್ತರ ಟೈಪಿಸುತ್ತಿದ್ದೇನೆ.