ಅಳತೆ

ಲಾರಿಯ ಹಿಂದೆ ಕೂತು ಬೆಟಗೇರಿಗೆ ಬಂದಿಳಿದೆ:
ಒಂದು ಟ್ರಂಕು, ಕರುಣಾವತಿ, ಇಬ್ಬರು ಮಕ್ಕಳು,
ಪೆಡಲ್ ಮುರಿದ ಹಾರ್ಮೋನಿಯಂ.
ಹಿಂದಿನ ಅಯ್ಯನವರು ಮೇಜಿನ ಮೇಲೆ ಚೀಟಿ ಬಿಟ್ಟಿದ್ದರು:
ಗಂಟೆಗೆ ಹೊಸ ಹಗ್ಗ ಬೇಕು.
ಮುಳಗುಂದ ಎರಡನೇ ಭಾನುವಾರ, ಅಸುಂಡಿ ಮೂರನೆಯದು.
ಹೊಂಬಳದಲ್ಲಿ ಮೂರೇ ಮನೆ, ಆದರೂ ಹೋಗಿ.
ನೀರು ಎಂಟು ದಿನಕ್ಕೊಮ್ಮೆ.
ಪೆಟ್ಟಿಗೆ ಬೇಕಾದರೆ ಮೌನೇಶಪ್ಪ.

ಯಾವ ಪೆಟ್ಟಿಗೆ ಅಂತ ಬರೆದಿರಲಿಲ್ಲ.
ಹನ್ನೊಂದನೆಯ ದಿನ ತಿಳಿಯಿತು,
ನರ್ಸು ದಾನಮ್ಮನ ಅಪ್ಪ ತೀರಿಕೊಂಡಾಗ.

ಮಗ್ಗದ ಸದ್ದಿನ ಓಣಿ ದಾಟಿದರೆ ಅವನ ಅಂಗಡಿ.
ಕಿವಿಯ ಮೇಲೆ ಮೊಂಡು ಪೆನ್ಸಿಲ್,
ಜನಿವಾರಕ್ಕೆ ಮೆತ್ತಿದ ಕಟ್ಟಿಗೆ ಹೊಟ್ಟು.
‘ಉದ್ದ ಎಷ್ಟರಿ?’ ಅಂದ.
ನನಗೆ ಗೊತ್ತಿರಲಿಲ್ಲ.
‘ಅಯ್ನೋರ, ಸತ್ತೋರ ಮನಿಗೆ ಹೋದಾಗ
ಕಣ್ಣೀರು ಆಮ್ಯಾಲೆ. ಮೊದಲ ಗೇಣು ಹಾಕ್ರಿ.’
ಅಂದಿನಿಂದ ನನ್ನ ಕಿಸೆಯಲ್ಲಿ
ಪ್ರಾರ್ಥನೆ ಪುಸ್ತಕದ ಬೆನ್ನಿಗೆ ಒಂದು ಟೇಪು.

ಹಳ್ಳಿಯ ಸಾವಿಗೆ ಇಬ್ಬರೂ ಹೋಗುತ್ತಿದ್ದೆವು.
ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ,
ಬರೀ ಹಲಗಿ ಅಂದರೆ ಕಂಡಕ್ಟರು ಸುಮ್ಮನಿರುತ್ತಿದ್ದ.
ಬಸ್ಸಿಲ್ಲದ ಊರಿಗೆ ನನ್ನ ಲೂನಾ, ಹಿಂದೆ ಅವನು,
ಅವನ ಹೆಗಲ ಮೇಲೆ ಯಾರದೋ ಕೊನೆಯ ಮನೆಯ ಗೋಡೆಗಳು.
ಮಳೆಯಾದರೆ ಎರಿಮಣ್ಣು ಗಾಲಿ ಹಿಡಿದು ಬಿಡುತ್ತಿರಲಿಲ್ಲ.
ಉಳಿಯಿಂದ ಕೆರೆಯುತ್ತ ಬೈಯುತ್ತಿದ್ದ,
ಮಣ್ಣನ್ನು, ಗಾಲಿಯನ್ನು, ಒಮ್ಮೊಮ್ಮೆ ಸತ್ತವನನ್ನು.
ನಾನು ಓದುವಷ್ಟು ಹೊತ್ತು ಬೇವಿನ ಕೆಳಗೆ ಎಲೆ ಅಡಿಕೆ.
ಆಮೇಲೆ ತೀರ್ಪು:
‘ಇವತ್ತ ಭಾಷಣ ಉದ್ದ ಆತ್ರಿ. ಹಸಿ ಹಲಗಿ,
ಬಿಸಲಾಗ ಸೊಟ್ಟ ಆಕ್ಕೈತಿ.’

ಸಣ್ಣ ಪೆಟ್ಟಿಗೆಗೆ ಎಂದೂ ರೊಕ್ಕ ಮುಟ್ಟಲಿಲ್ಲ.
‘ಉಳಿದ ತುಂಡಿನಾಗ ಆತು, ಬಿಡ್ರಿ.’
ಉಳಿದ ತುಂಡು ಅಷ್ಟು ನುಣುಪಿರುವುದಿಲ್ಲ.
ನಾನೂ ಬಡಿಗನ ಮಗನೊಬ್ಬನನ್ನು ನಂಬಿ ಬದುಕಿದವ,
ಅಷ್ಟು ತಿಳಿಯುತ್ತದೆ.

ಕರುಣಾವತಿ ಹೋದ ರಾತ್ರಿ ಟೇಪು ಕಿಸೆಯಲ್ಲೇ ಉಳಿಯಿತು.
ಅವನು ಬಂದು ಕೇಳಲೂ ಇಲ್ಲ.
ಬೆಳಗಿನ ಐದಕ್ಕೆ ಕೈಗಾಡಿಯ ಮೇಲೆ ತಂದ,
ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.
ಎಷ್ಟೋ ತಿಂಗಳ ಮೇಲೆ ಹೇಳಿದ:
ಒಂಬತ್ತು ವರ್ಷದ ಹಿಂದೆ ಅಡುಗೆಮನೆಗೆ ಹಲಗೆ ಹೊಡೆಯುವಾಗ
ಅಕ್ಕೋರ ಕೈಗೆ ಎಟುಕಬೇಕಲ್ಲ ಅಂತ
ಗೋಡೆಗೆ ನಿಲ್ಲಿಸಿ ಗೆರೆ ಎಳೆದಿದ್ದನಂತೆ.
ಆ ಗೆರೆ ಈಗಲೂ ಅಲ್ಲಿದೆಯೋ,
ಹೊಸ ಅಯ್ಯನವರು ಸುಣ್ಣ ಬಳಿಸಿದರೋ.

ವರ್ಗವಾಯಿತು: ಹಾವೇರಿ, ರಾಣೆಬೆನ್ನೂರು, ಕೊನೆಗೆ ಧಾರವಾಡ.
ಪ್ರತಿ ಊರಲ್ಲೂ ಬಡಿಗರಿದ್ದರು. ಉದ್ದ ಕೇಳಿ ಬರೆದುಕೊಳ್ಳುವವರು.

ಫೋನು ಬಂದದ್ದು ಮಗನಿಂದ.
ಮೊದಲ ಬಸ್ಸು, ಅಣ್ಣಿಗೇರಿಯ ಹತ್ತಿರ ಹೊತ್ತು ಮೂಡಿತು.
ನಾನು ಮುಟ್ಟುವಷ್ಟರಲ್ಲಿ ಸಿದಗಿ ಕಟ್ಟುತ್ತಿದ್ದರು.
ಊರಿಗೆಲ್ಲ ಪೆಟ್ಟಿಗೆ ಕೊಟ್ಟವನಿಗೆ ಎರಡು ಹಸಿ ಬಿದಿರು,
ಎಡದ್ದು ಬಲದ್ದಕ್ಕಿಂತ ಮೂರು ಬೆರಳು ಉದ್ದ.
ಹೇಳಬೇಕೆನಿಸಿತು. ಹೇಳಬೇಕಾದವನು
ಹಣೆಗೆ ವಿಭೂತಿ ಹಚ್ಚಿಸಿಕೊಂಡು ಗೋಡೆಗೆ ಆನಿದ್ದ.

ಮೂವತ್ತೇಳು ವರ್ಷ ಕುಣಿಯ ತಲೆಯ ಕಡೆ ನಿಂತವನು
ಅಂದು ಜನರ ಹಿಂದೆ, ಕಳಚಿಟ್ಟ ಚಪ್ಪಲಿಗಳ ನಡುವೆ ನಿಂತೆ.
ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸರಿಯೇ.
ಒಬ್ಬ ಹುಡುಗ ಮಾತ್ರ ‘ಕಾಕಾ, ಇದನ್ನ ಹಿಡೀರಿ’ ಅಂದ,
ನೀರು ತುಂಬಿದ ಕೊಡ.
ಹಿಡಿದೆ. ಬೆಂಕಿ ಹತ್ತುವ ತನಕ ಹಿಡಿದಿದ್ದೆ.
ಬಾಯಲ್ಲಿ ಒಂದೂ ಮಾತಿರಲಿಲ್ಲ.

ಸಂಜೆ ಮಗ ಅಂಗಡಿಯ ಅಟ್ಟ ತೋರಿಸಿದ.
ನಾಲ್ಕು ಸಾಗವಾನಿ ಹಲಗೆ, ಮೇಲೆ ಪೆನ್ಸಿಲ್ಲಿನಲ್ಲಿ
ಅಯ್ನೋರು, ಐದು ಏಳು.
‘ಅಪ್ಪ ಎಷ್ಟೋ ವರ್ಷದ ಹಿಂದ ಎತ್ತಿಟ್ಟಾನ್ರಿ. ಒಯ್ತೀರೇನ್ರಿ?’

ಕೈಯಾಡಿಸಿದೆ. ನುಣುಪಾಗಿತ್ತು.
‘ಇರಲಿ ಬಿಡು,’ ಅಂದೆ, ‘ಇನ್ನೂ ಸ್ವಲ್ಪ ಒಣಗಲಿ.’
ಧಾರವಾಡದ ಬಸ್ಸಿಗೆ ಹೊತ್ತಾಗಿತ್ತು.