ಕಾಮಕಸ್ತೂರಿ

ಬಂದರಿನ ಇದಿನಬ್ಬರ ಗಾಡಿಯಲ್ಲಿ
ಲೋಟ ಬಗ್ಗಿಸಿದರೂ ಶರಬತ್ತು ತಡವಾಗಿ ಬಾಗುತ್ತದೆ.
ನೀರು ಅದೇ, ಸಕ್ಕರೆ ಅದೇ;
ಕಾಮಕಸ್ತೂರಿ ಎರಡು ಚಮಚ ಹೆಚ್ಚು.

“ಅವಸರಕ್ಕೆ ನೆನೆಯದ್ದು ಹಾಕಿದ್ದೆ ಒಮ್ಮೆ,
ಸ್ಟ್ರಾದ ಬಾಯಲ್ಲೇ ಕೂತುಬಿಟ್ಟಿತು, ಜಲ್ಲಿಯ ಹಾಗೆ.
ಗಿರಾಕಿ ಬೈದು ಹೋದ.”

ಇವು ಮೈತುಂಬ ಲೋಳೆ ಹೊದ್ದು
ಒಂದರ ಸೊಂಟಕ್ಕೊಂದು ಒತ್ತಿ ನಿಂತಿವೆ.
ಸುಮ್ಮನಿದ್ದರೆ ಗಟ್ಟಿ.
ಎಳೆದೆನೋ, ಉದ್ದವಾಗಿ, ಓರೆಯಾಗಿ ಜಾರಿ
ನಾಲಿಗೆಯ ಮೇಲೆ ಮತ್ತೆ ದುಂಡಗೆ.

ಸುರತ್ಕಲ್ಲಿನ ಲ್ಯಾಬಿನಲ್ಲಿ ಮೂರು ತಿಂಗಳಿಂದ
ಗಾಜಿನ ಮಣಿ ಸುರಿದು ಹರಿವು ಅಳೆಯುತ್ತಿದ್ದೇನೆ;
ಸಿಕ್ಕಿಕೊಳ್ಳುತ್ತಲೇ ಇದೆ.

ಸಂಜೆಯ ಬಸ್ಸು. “ಪಿರ ಪೋಲೆ, ಪಿರ ಪೋಲೆ”
ಕಂಡಕ್ಟರನ ಕೂಗಿಗೆ
ಖಾಲಿ ಮೀನುಬುಟ್ಟಿಯ ಕಲ್ಯಾಣಿಯಕ್ಕ
ಹೊಟ್ಟೆ ಒಳಗೆಳೆದು, ಹೆಗಲು ಓರೆ ಮಾಡಿ ದಾಟಿದರು.
ನಾನೂ ಚೀಲ ತಬ್ಬಿ ಸಣ್ಣಗಾದೆ.
ಮಣಿಯ ಡಬ್ಬಿ ಮಾತ್ರ
ಯಾರದೋ ಪಕ್ಕೆಗೆ ಚುಚ್ಚಿತು.