ಬಂತಾ?

ಇಪ್ಪತ್ತೊಂಬತ್ತು ವರ್ಷ ಓಡಿದ ಧಾರಾವಾಹಿ.
ಅದರ ಮೊದಲ ಕಂತು ಮತ್ತೆ ಹಾಕಿದ್ದೇನೆ
ಸಿದ್ದಾಪುರದಲ್ಲಿ, ದೇಚುವಿನ ಅಡುಗೆಮನೆಯಲ್ಲಿ,
ಮೊಬೈಲನ್ನು ಕಾಚಂಪುಳಿ ಬಾಟಲಿಗೆ ಒರಗಿಸಿ.

ನೌಕೆಯ ಬಾಗಿಲು ತೆರೆದರೆ
ಗೋಡೆಯೂ ಜೊತೆಗೆ ನಡುಗುತ್ತದೆ.
"ಪ್ಲೈವುಡ್ಡು," ಅಂದಳು ದೇಚು.
ಮೂವತ್ತು ವರ್ಷ ಕಾಫಿಬೀಜ ಆರಿಸಿದ ಕಣ್ಣು,
ಕರಿಬೀಜ, ಒಡಕು, ಪೊಳ್ಳು
ಒಂದೂ ತಪ್ಪಿಸಿಕೊಳ್ಳದು.
"ಆ ಅನ್ಯಗ್ರಹದವನ ಕೈ ನೋಡು,
ವಾಚು ಕಟ್ಟಿದ ಗುರುತು."

ಕ್ಯಾಪ್ಟನ್ನಿಗೆ ಇನ್ನೂ ಮೀಸೆ ಬಂದಿಲ್ಲ.
ವೈದ್ಯೆ ಏನಕ್ಕೋ ನಗುತ್ತಿದ್ದಾಳೆ.
ಒಂಬತ್ತನೆಯ ವರ್ಷ ಅವಳು ಸಾಯುವುದು
ನನಗೆ ಗೊತ್ತು. ಬಾಯಿ ಬಿಡಲಿಲ್ಲ.

ಆಗ ಭಾನುವಾರ ನಾವು ಏಳು ಮಂದಿ
ಎಸ್ಟೇಟ್ ಆಫೀಸಿನ ಟೀವಿ ಮುಂದೆ.
ದೇಚು ಶೀಟಿನ ಮೇಲೆ,
ಎಲ್ಲರಿಗಿಂತ ಹಗುರ ಅಂತ.
ಪರದೆಯಲ್ಲಿ ಅಕ್ಕಿ ಉದುರುತ್ತಿತ್ತು.
ಆಂಟೆನಾ ತಿರುಗಿಸುತ್ತ ಕೂಗುವಳು: ಬಂತಾ?
ಇಲ್ಲ. ಕುಟ್ಟದ ಕಡೆಗೆ ತಿರುಗಿಸು.
ಬಂತಾ?
ಬಂತು! ಅಲ್ಲಾಡಬೇಡ!

ಆಮೇಲೆ ಅರ್ಧ ಗಂಟೆ
ಯಾರಿಗೂ ಅವಳ ನೆನಪಿಲ್ಲ.

ಇಳಿದು ಬಂದಾಗ ಅಂಗೈ ತುಂಬ ತುಕ್ಕು.
ಬಾವಿಕಟ್ಟೆಯ ಹತ್ತಿರ ಕೈ ತೊಳೆಯುತ್ತ
ಏನಾಯ್ತು ಹೇಳು, ಏನಾಯ್ತು ಹೇಳು.
ಹೇಳುತ್ತಿದ್ದವಳು ನಾನೇ.
ಮರೆತಲ್ಲೆಲ್ಲ ಸುಳ್ಳು ತುಂಬಿಸಿ
ಚಂದ್ರನಾಚೆ ಮೂರು ಸೂರ್ಯರನ್ನು ಹಚ್ಚಿದೆ,
ಒಮ್ಮೆಯಂತೂ ನೌಕೆಯೊಳಗೆ
ಒಂದು ಆನೆಯನ್ನೇ ನುಗ್ಗಿಸಿದ್ದೆ.

ಕಂತು ಮುಗಿಯಿತು.
ಕರಿಬಟ್ಟೆಗೆ ಚುಚ್ಚಿದ ತೂತುಗಳಂಥ ನಕ್ಷತ್ರಗಳು,
ಅವುಗಳ ಮೇಲೆ ಯಾರ್ಯಾರದೋ ಹೆಸರುಗಳು.
ಸೂರು ಹತ್ತಿ ಹಿಡಿದವರ ಹೆಸರು ಅದರಲ್ಲಿಲ್ಲ.
ದೇಚು ಕನ್ನಡಕ ತೆಗೆದು
ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡಳು.

"ಆನೆ ಯಾವಾಗ ಬರ್ತದೆ?"

ಮುಂದಿನದರಲ್ಲಿ, ಅಂದೆ.